ಸೊನ್ನೆ ಎಂದು ಬರೆದರೆ ಸಾಕೇ?

ರೋಗಿಯ ರಕ್ತ ತೆಗೆದ ಸೂಜಿ ನರ್ಸ್ ಒಬ್ಬರ ಬೆರಳಿಗೆ ಚುಚ್ಚಿದರೆ ಆಗುವ ಗಾಯ ಬಹಳ ಚಿಕ್ಕದು. ಒಂದು ಹನಿ ರಕ್ತ ಬಂದು ನಿಲ್ಲುತ್ತದೆ, ಪಟ್ಟಿ ಕಟ್ಟುವ ಅಗತ್ಯವೂ ಬೀಳುವುದಿಲ್ಲ. ಆದರೆ ಆ ರೋಗಿಗೆ ಹೆಪಟೈಟಿಸ್ ಬಿ ಇದ್ದು, ನರ್ಸ್ ಅದರ ಲಸಿಕೆ ಪಡೆದಿರದಿದ್ದರೆ ಸೋಂಕು ತಗಲುವ ಸಾಧ್ಯತೆ ಶೇ 6ರಿಂದ 30ರವರೆಗೆ ಇರುತ್ತದೆ. ಹೆಪಟೈಟಿಸ್ ಸಿ ಆದರೆ ಅದು ಶೇ 2ರೊಳಗೆ, ಎಚ್‌ಐವಿ ಆದರೆ ಸುಮಾರು ಶೇ 0.3. ಬಿಡಿಯಾಗಿ ನೋಡಿದರೆ ಕೊನೆಯ ಎರಡು ಅಂಕಿಗಳು ಸಣ್ಣವೆನಿಸಬಹುದು. ಒಟ್ಟು ಲೆಕ್ಕ ಹಾಗಿಲ್ಲ. ಜಗತ್ತಿನ 3.5 ಕೋಟಿ ಆರೋಗ್ಯ ಕಾರ್ಯಕರ್ತರಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಂದಿಗೆ ಹೀಗೆ ಸೋಂಕಿತ ರಕ್ತದ ಸೂಜಿ ಅಥವಾ ಹರಿತವಾದ ಸಲಕರಣೆ ತಗಲುತ್ತದೆ, ಅದರಿಂದ 66 ಸಾವಿರ ಮಂದಿಗೆ ಹೆಪಟೈಟಿಸ್ ಬಿ, 16 ಸಾವಿರ ಮಂದಿಗೆ ಹೆಪಟೈಟಿಸ್ ಸಿ, ಸಾವಿರದಷ್ಟು ಮಂದಿಗೆ ಎಚ್‌ಐವಿ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2000ನೇ ಇಸವಿಯ ಸ್ಥಿತಿ ಆಧರಿಸಿ ಅಂದಾಜು ಮಾಡಿತ್ತು. ಈ ಹೊರೆಯ ಬಹುಪಾಲು ಬಿದ್ದಿರುವುದು ನಮ್ಮಂಥ ದೇಶಗಳ ಮೇಲೆ.

ಇಂಥ ಪ್ರಕರಣ ನಡೆದಾಗ ಆಸ್ಪತ್ರೆಯಲ್ಲಿ ಮೊದಲು ಕೇಳಿಬರುವ ಮಾತು 'ಸ್ವಲ್ಪ ನೋಡಿಕೊಂಡು ಕೆಲಸ ಮಾಡಬಾರದಿತ್ತೇ' ಎಂಬುದು. ತಪ್ಪು ಚುಚ್ಚಿಸಿಕೊಂಡವರದ್ದೇ ಎಂಬ ಈ ತೀರ್ಮಾನವನ್ನು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜ್ಯಾಗರ್ ಮತ್ತು ಸಂಗಡಿಗರು 1988ರಲ್ಲೇ ಪರೀಕ್ಷೆಗೆ ಒಡ್ಡಿದರು. ಒಂದೇ ಆಸ್ಪತ್ರೆಯಲ್ಲಿ ಹತ್ತು ತಿಂಗಳಲ್ಲಿ ವರದಿಯಾದ 326 ಪ್ರಕರಣಗಳಲ್ಲಿ ಯಾವ ಸಲಕರಣೆ ಚುಚ್ಚಿತು, ಯಾವ ಹಂತದಲ್ಲಿ ಚುಚ್ಚಿತು ಎಂದು ಅವರು ವಿಂಗಡಿಸಿದರು. ಬಳಸುವ ಮೊದಲು ಅಥವಾ ಬಳಸುವಾಗ ಚುಚ್ಚಿದ್ದು ಶೇ 17 ಮಾತ್ರ. ಬಳಸಿ ಮುಗಿದ ಮೇಲೆ, ಎಸೆಯುವ ಮುನ್ನ ಚುಚ್ಚಿದ್ದು ಶೇ 70. ಎಸೆದ ನಂತರ ಚುಚ್ಚಿದ್ದು ಶೇ 13. ಸಲಕರಣೆಯಿಂದ ಸಲಕರಣೆಗೆ ಅಪಾಯದಲ್ಲಿ ಭಾರಿ ಅಂತರವಿತ್ತು. ಬಳಸಿದ ಮೇಲೆ ಕೈಯಿಂದ ಬಿಡಿಸಲೇಬೇಕಾದ ಸಲಕರಣೆಗಳು ಸಾಮಾನ್ಯ ಸಿರಿಂಜಿಗಿಂತ ಐದು ಪಟ್ಟಿನವರೆಗೂ ಹೆಚ್ಚಾಗಿ ಚುಚ್ಚಿದ್ದವು. ಆಸ್ಪತ್ರೆ ಒಂದೇ, ಸಿಬ್ಬಂದಿ ಅವರೇ. ಕಾರಣ ಅಜಾಗ್ರತೆಯೊಂದೇ ಆಗಿದ್ದರೆ ಸಲಕರಣೆ ಬದಲಾದ ಮಾತ್ರಕ್ಕೆ ಅಪಾಯ ಇಷ್ಟು ಏರುಪೇರಾಗುತ್ತಿರಲಿಲ್ಲ.

ಸೂಜಿಗೆ ಮತ್ತೆ ಕ್ಯಾಪ್ ಹಾಕುವ ವಿಚಾರವನ್ನೇ ನೋಡಿ. ಎಡಗೈಯಲ್ಲಿ ಸಣ್ಣ ಪ್ಲಾಸ್ಟಿಕ್ ಕ್ಯಾಪ್, ಬಲಗೈಯಲ್ಲಿ ರಕ್ತ ಹತ್ತಿದ ಸೂಜಿ. ಎರಡನ್ನೂ ಎದುರುಬದುರು ತರುವಾಗ ಕೂದಲೆಳೆಯಷ್ಟು ತಪ್ಪಿದರೂ ಎಡಗೈಯ ಹೆಬ್ಬೆರಳಿಗೋ ತೋರುಬೆರಳಿಗೋ ಚುಚ್ಚುತ್ತದೆ. ಹಾಗೆ ಮಾಡಬೇಡಿ ಎಂದು ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಆದರೂ ಕ್ಯಾಪ್ ಹಾಕುವುದೇಕೆ? ಸೂಜಿ ಹಾಕುವ ಬಿಳಿ ಡಬ್ಬಿ ವಾರ್ಡಿನ ಇನ್ನೊಂದು ತುದಿಯಲ್ಲಿರುತ್ತದೆ. ಹಾಸಿಗೆಗಳ ನಡುವೆ ರೋಗಿಯ ಕಡೆಯವರು ನಿಂತಿರುತ್ತಾರೆ. ಬರಿಯ ಸೂಜಿ ಹಿಡಿದು ಅವರ ನಡುವೆ ನಡೆಯುವುದು ಕ್ಯಾಪ್ ಹಾಕುವುದಕ್ಕಿಂತ ಅಪಾಯ ಎಂದು ಆ ನರ್ಸಿಗೆ ಅನಿಸುತ್ತದೆ, ಹಾಗನಿಸುವುದರಲ್ಲಿ ತಪ್ಪೂ ಇಲ್ಲ. ಡಬ್ಬಿ ಕೈಗೆಟಕುವಂತೆ ಟ್ರಾಲಿಯ ಮೇಲೇ ಇದ್ದಿದ್ದರೆ ಈ ಇಕ್ಕಟ್ಟೇ ಹುಟ್ಟುತ್ತಿರಲಿಲ್ಲ. ಡಬ್ಬಿ ಎಲ್ಲಿರಬೇಕು, ಒಬ್ಬ ನರ್ಸಿಗೆ ಎಷ್ಟು ಹಾಸಿಗೆ, ಯಾವ ಸಿರಿಂಜ್ ಖರೀದಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಆಡಳಿತ. ಚುಚ್ಚಿದಾಗ ಮಾತ್ರ ಹೊಣೆ ಬೆರಳಿನದ್ದು ಎಂದರೆ ಅದು ನ್ಯಾಯವಲ್ಲ.

ಹೊಣೆಯನ್ನು ಹೀಗೆ ಬೆರಳಿಗೆ ಹೊರಿಸುವುದರಿಂದ ಅನ್ಯಾಯಕ್ಕಿಂತಲೂ ದೊಡ್ಡ ನಷ್ಟವೊಂದಿದೆ. ಬೈಗುಳ ಕಾದಿದೆ ಎಂದು ಗೊತ್ತಿರುವವರು ಚುಚ್ಚಿದ್ದನ್ನು ಹೇಳುವುದಿಲ್ಲ. ಹೇಳದಿದ್ದರೆ ಚಿಕಿತ್ಸೆ ಇಲ್ಲ. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ದಾಟಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಶುರು ಮಾಡಿದವರು 28 ದಿನ ಬಿಡದೆ ನುಂಗಬೇಕು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಡೆಯಲು ಕೊಡುವ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಮುಂಜಾಗ್ರತೆಯ ಮಾತ್ರೆಯೂ ಇಲ್ಲ. ಬೇಗ ಪತ್ತೆಯಾದರೆ ಮಾತ್ರೆಗಳಿಂದ ಕೆಲವೇ ತಿಂಗಳಲ್ಲಿ ವಾಸಿ ಮಾಡಬಹುದು, ಆದರೆ ಪತ್ತೆಯಾಗಬೇಕಾದರೆ ಚುಚ್ಚಿದ ದಿನದಿಂದಲೇ ರಕ್ತಪರೀಕ್ಷೆಯ ಲೆಕ್ಕ ಇಟ್ಟಿರಬೇಕು. ರಾತ್ರಿ ಪಾಳಿಯಲ್ಲಿ ಚುಚ್ಚಿಸಿಕೊಂಡ ನರ್ಸಿಂಗ್ ವಿದ್ಯಾರ್ಥಿನಿ ಬೆಳಿಗ್ಗೆ ಮೇಡಂ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡರೆ ಅತ್ಯಂತ ಬೆಲೆಬಾಳುವ ಆ ಮೊದಲ ಗಂಟೆಗಳು ಕೈತಪ್ಪಿಹೋಗುತ್ತವೆ.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು ಹೇಳುತ್ತವೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 19ನೇ ಕಲಮು ಸುರಕ್ಷಾ ಸಾಮಗ್ರಿ, ತರಬೇತಿ, ಚುಚ್ಚಿದ ನಂತರದ ಮಾತ್ರೆ ಎಲ್ಲವನ್ನೂ ಒದಗಿಸುವುದು ಸಂಸ್ಥೆಯ ಕರ್ತವ್ಯ ಎಂದಿದೆ. ಎಡವಟ್ಟಾಗಿರುವುದು ಲೆಕ್ಕ ಇಡುವಲ್ಲಿ. ತ್ಯಾಜ್ಯ ನಿಯಮಗಳಲ್ಲಿ 'ದೊಡ್ಡ ಅಪಘಾತ' ಎಂದರೆ 24 ಗಂಟೆಯೊಳಗೆ ವರದಿ ಕೊಡಬೇಕು, ಆದರೆ ಸೂಜಿ ಚುಚ್ಚುವುದನ್ನು ಆ ವ್ಯಾಖ್ಯೆಯಿಂದ ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಜೂನ್ 30ರೊಳಗೆ ಕಳಿಸುವ ವಾರ್ಷಿಕ ವರದಿಯಲ್ಲಿ ಸೇರಿಸಿದರೆ ಮುಗಿಯಿತು. ಆ ಕಾಲಂನಲ್ಲಿ ಸೊನ್ನೆ ಎಂದು ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಹನ್ನೆರಡು ಎಂದು ಬರೆದರೆ ಕೇಳುತ್ತಾರೆ. ಇನ್ನೂರು ಹಾಸಿಗೆಯ ಆಸ್ಪತ್ರೆಯೊಂದರಲ್ಲಿ ವರ್ಷವಿಡೀ ಒಬ್ಬರಿಗೂ ಸೂಜಿ ಚುಚ್ಚಲಿಲ್ಲ ಎಂಬುದು ನಂಬುವ ಮಾತಲ್ಲ. ಅಲ್ಲಿ ಚುಚ್ಚಿದ್ದನ್ನು ಯಾರೂ ಹೇಳುತ್ತಿಲ್ಲ ಎಂದೇ ಅದನ್ನು ಓದಬೇಕು.

ಹೇಳದವರಲ್ಲೂ ಅತ್ಯಂತ ಕೆಳಗಿರುವವರು ಹೊರಗುತ್ತಿಗೆಯ ಡಿ ಗ್ರೂಪ್ ನೌಕರರು. ಎಸೆದ ನಂತರ ಚುಚ್ಚುವ ಸೂಜಿ ಇವರ ಪಾಲಿನದು. ಹಳದಿ ಚೀಲ ಎತ್ತುವಾಗ ಅದರೊಳಗಿಂದ ಸೂಜಿ ತೂರಿ ತೊಡೆಗೆ ತಗಲುತ್ತದೆ, ಯಾವ ರೋಗಿಯದೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಸಂಬಳ ಕೊಡುವುದು ಏಜೆನ್ಸಿ, ಕೆಲಸ ಮಾಡಿಸುವುದು ಆಸ್ಪತ್ರೆ, ಹೀಗಾಗಿ ಲಸಿಕೆ ಹಾಕಿಸಬೇಕಾದವರು ಯಾರು ಎಂಬುದು ಇಬ್ಬರ ನಡುವೆ ಉಳಿದುಬಿಡುತ್ತದೆ.

ಸುರಕ್ಷಿತ ಸಿರಿಂಜ್ ದುಬಾರಿ, ಸರ್ಕಾರಿ ಆಸ್ಪತ್ರೆಗೆ ಭರಿಸಲಾಗದು ಎಂಬ ಆಕ್ಷೇಪವಿದೆ. ಬೆಲೆ ಹೆಚ್ಚೆಂಬುದು ನಿಜ. ಆದರೆ ಬಳಸಿದ ಕೂಡಲೇ ಸೂಜಿ ಒಳಸರಿಯುವ ಅಥವಾ ಮುಚ್ಚಿಕೊಳ್ಳುವ ಸಲಕರಣೆಗಳನ್ನು ಪರಿಶೀಲಿಸಿ ಬಳಕೆಗೆ ತರುವಂತೆ ಅಮೆರಿಕ 2000ದ ನವೆಂಬರಿನಲ್ಲಿ ಕಾನೂನು ಮಾಡಿದ ಮರುವರ್ಷವೇ ಅಲ್ಲಿನ ಆಸ್ಪತ್ರೆಗಳಲ್ಲಿ ಇಂಥ ಗಾಯಗಳು ಸುಮಾರು ಶೇ 38ರಷ್ಟು ಇಳಿದವು. ಯುರೋಪ್ 2010ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮ ಲಸಿಕಾ ಕಾರ್ಯಕ್ರಮದಲ್ಲೂ ಒಮ್ಮೆ ಬಳಸಿದರೆ ತಾನಾಗಿ ಲಾಕ್ ಆಗುವ ಸಿರಿಂಜ್ ಬಂದು ಎಷ್ಟೋ ವರ್ಷಗಳಾದವು. ಅದು ಕಾಪಾಡುವುದು ಮಗುವನ್ನು, ಚುಚ್ಚುಮದ್ದು ಕೊಡುವ ಸಹಾಯಕಿಯನ್ನಲ್ಲ. ಮಗುವಿಗಾಗಿ ಹಣ ಹೊಂದಿಸಿದ ಸರ್ಕಾರ ಕನಿಷ್ಠ ರಕ್ತ ತೆಗೆಯುವ ಮತ್ತು ಐವಿ ಹಾಕುವ ಜಾಗಗಳಲ್ಲಾದರೂ, ಅಂದರೆ ಟೊಳ್ಳು ಸೂಜಿಯಲ್ಲಿ ರಕ್ತ ತುಂಬಿರುವ ಕಡೆಗಳಲ್ಲಿ, ಆಕೆಗಾಗಿಯೂ ಹೊಂದಿಸಬಹುದು. ಎಲ್ಲ ಸಿರಿಂಜನ್ನೂ ಒಂದೇ ಸಲ ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಡಬ್ಬಿಯನ್ನು ಟ್ರಾಲಿಗೆ ತರುವುದಕ್ಕಂತೂ ಟೆಂಡರ್ ಬೇಕಿಲ್ಲ.

ಎಚ್‌ಐವಿ ಅಪಾಯ ಸಾವಿರಕ್ಕೆ ಮೂರು ಮಾತ್ರ, ಇದಕ್ಕೆ ಇಷ್ಟು ಗಾಬರಿ ಬೇಕೇ ಎನ್ನುವವರೂ ಇದ್ದಾರೆ. ಮೂರು ತಿಂಗಳು, ಆರು ತಿಂಗಳು ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತಾ ಮನೆಯವರಿಗೂ ಹೇಳಿಕೊಳ್ಳಲಾಗದೆ ಬದುಕುವವರ ಸಂಕಟ ಆ ಭಾಗಾಕಾರದಲ್ಲಿ ಸೇರಿರುವುದಿಲ್ಲ. ಹೆಪಟೈಟಿಸ್ ಬಿ ಲೆಕ್ಕವಂತೂ ನೂರಕ್ಕೆ ಮೂವತ್ತರವರೆಗೆ ಹೋಗುತ್ತದೆ, ಮೂರು ಡೋಸ್ ಲಸಿಕೆಯಿಂದ ಅದನ್ನು ಬಹುತೇಕ ಇಲ್ಲವಾಗಿಸಬಹುದು. ಅಂಕಿ ಬಹಿರಂಗವಾದರೆ ಆಸ್ಪತ್ರೆಯ ಹೆಸರು ಕೆಡುತ್ತದೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆಸ್ಪತ್ರೆಗಳಿಗೆ ಎನ್‌ಎಬಿಎಚ್ ಮಂಡಳಿ ಕೊಡುವ ಮಾನ್ಯತೆಯ ಗುಣಮಟ್ಟ ಸೂಚಕಗಳಲ್ಲೂ ಸೂಜಿ ಚುಚ್ಚಿದ ಪ್ರಮಾಣ ಸೇರಿದೆ, ಅದು ಕಡಿಮೆ ಕಾಣಲಿ ಎಂದು ಯಾವ ಆಡಳಿತಕ್ಕಾದರೂ ಅನಿಸೀತು. ಆದ್ದರಿಂದ ಅಳತೆಗೋಲನ್ನೇ ಬದಲಿಸಬೇಕು. ಎಷ್ಟು ಮಂದಿಗೆ ಚುಚ್ಚಿತು ಎಂಬುದರ ಜೊತೆಗೆ, ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಎರಡು ಗಂಟೆಯೊಳಗೆ ವೈದ್ಯರ ಸಲಹೆ ಸಿಕ್ಕಿತು, ಹೊರಗುತ್ತಿಗೆಯವರೂ ಸೇರಿ ಸಿಬ್ಬಂದಿಯಲ್ಲಿ ಎಷ್ಟು ಮಂದಿ ಮೂರೂ ಡೋಸ್ ಪೂರೈಸಿದ್ದಾರೆ ಎಂಬುದನ್ನು ಆಸ್ಪತ್ರೆಗಳು ಪ್ರಕಟಿಸಲಿ. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ತಪಾಸಣೆಗೆ ರಾಜ್ಯದಲ್ಲಿ 2007ರಿಂದಲೇ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಇದೆ, ಸರ್ಕಾರಿ ಆಸ್ಪತ್ರೆಗಳು ಆರೋಗ್ಯ ಇಲಾಖೆಯ ಕೈಯಲ್ಲೇ ಇವೆ. ತಪಾಸಣೆಗೆ ಹೋಗುವ ಅಧಿಕಾರಿ ಸೊನ್ನೆ ಬರೆದ ಆಸ್ಪತ್ರೆಗೆ ಮೊದಲು ಹೋಗಲಿ. ಅಲ್ಲಿ ರಾತ್ರಿ ಪಾಳಿಯ ಸಿಬ್ಬಂದಿಯನ್ನು ಕಂಡು, ಈಗ ಸೂಜಿ ಚುಚ್ಚಿದರೆ ಯಾರಿಗೆ ಫೋನ್ ಮಾಡುತ್ತೀರಿ, ಮಾತ್ರೆ ಯಾವ ಕಪಾಟಿನಲ್ಲಿದೆ, ಅದರ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಲಿ.