ಮಾಲ್ಗುಡಿಯ ಅಂಗಡಿಗೆ ಬಂದ ಯುದ್ಧ

ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡು ಬಂದ ನನ್ನಂಥವರಿಗೆ ಗದೆ ಬಾಣಗಳಿಲ್ಲದ ಯುದ್ಧವು ಯುದ್ಧವೆಂದೇ ತೋರುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಯುದ್ಧಗಳು ರಣರಂಗದಿಂದ ಬಹುದೂರದಲ್ಲಿರುವ ಚಿಲ್ಲರೆ ಅಂಗಡಿಯ ಕಟ್ಟೆಯನ್ನೂ ಏರಿ ಕುಳಿತವು. ಅದನ್ನು ಕಂಡು ಬರೆದವರು ವಿರಳ. ಮೈಸೂರಿನಲ್ಲಿ ಬಹುಕಾಲ ಬಾಳಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣ್ ಆ ವಿರಳರಲ್ಲಿ ಒಬ್ಬರೆಂದು ನನ್ನ ಎಣಿಕೆ.

1930ರಲ್ಲಿ ಅವರು ಕಟ್ಟಿದ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. (ಶಂಕರ್ ನಾಗ್ ಅವರ ಧಾರಾವಾಹಿಯಿಂದಲೇ ಅದನ್ನು ಬಲ್ಲವರು ನಮ್ಮಲ್ಲಿ ಹೆಚ್ಚು, ಆಗಲಿ, ಪುಸ್ತಕಕ್ಕೂ ಅದು ದಾರಿಯೇ.) 1955ರಲ್ಲಿ ಹೊರಬಂದ ‘ವೇಟಿಂಗ್ ಫಾರ್ ದಿ ಮಹಾತ್ಮ’ ಕಾದಂಬರಿಯಲ್ಲಿ ಆ ಊರಿಗೆ ಎರಡನೆಯ ಮಹಾಯುದ್ಧವೂ 1942ರ ಚಳವಳಿಯೂ ಕೂಡಿಯೇ ಬರುತ್ತವೆ. ನಾಯಕ ಶ್ರೀರಾಮನ ಮನೆಯೆದುರಿಗೆ ಕಣ್ಣಿ ಎಂಬವನ ಅಂಗಡಿ. ಬಾಳೆಹಣ್ಣು, ಪೆಪ್ಪರಮೆಂಟು ಮಾರುವ ಆ ಪುಟ್ಟ ಅಂಗಡಿಯ ಗೋಡೆಯ ಮೇಲೆ ಸೇಬುಗೆನ್ನೆಯ ಯೂರೋಪಿನ ರಾಣಿಯೊಬ್ಬಳ ಪಟವಿದೆ. ಆಕೆ ಯಾರೆಂಬುದು ಅಂಗಡಿಯವನಿಗೇ ನಿಶ್ಚಯವಿಲ್ಲ! ಸಾಮ್ರಾಜ್ಯವೊಂದು ಸದ್ದಿಲ್ಲದೆ ನಮ್ಮ ಬೀದಿಯನ್ನು ಹೊಕ್ಕ ಬಗೆಯನ್ನು ಇಷ್ಟು ಮಿತವಾಗಿ ಹೇಳಿದ ಚಿತ್ರ ನನಗೆ ಬೇರೆ ನೆನಪಾಗದು. ಶ್ರೀರಾಮನ ಕೈಗೆ ಬಂದ ಹಣವಾದರೂ ಎಲ್ಲಿಯದು? ಮೊದಲನೆಯ ಮಹಾಯುದ್ಧದಲ್ಲಿ, ಮೆಸೊಪೊಟೇಮಿಯದಲ್ಲಿ ಮಡಿದ ತಂದೆಯ ಪಿಂಚಣಿ. ಅಜ್ಜಿ ಅದನ್ನು ಮುಟ್ಟದೆ ಮೊಮ್ಮಗನಿಗಾಗಿ ಕೂಡಿಟ್ಟಿದ್ದಳು.

ಅಂಥ ಶ್ರೀರಾಮನು ಮಹಾತ್ಮರ ಅನುಯಾಯಿಯಾದ ಮೇಲೆ ಹಳ್ಳಿಯ ಅಂಗಡಿಯೊಂದರಲ್ಲಿ ಇಂಗ್ಲಿಷ್ ಬಿಸ್ಕತ್ತು ಕಂಡು ಕೆರಳುತ್ತಾನೆ. ಯುದ್ಧಕಾಲದಲ್ಲಿ ಅಂಥ ಸರಕು ದೊರೆಯುತ್ತಿದ್ದುದು ಕಾಳಸಂತೆಯಲ್ಲಿ. ಅದನ್ನು ಸಂಪಾದಿಸಿದ್ದೇ ಅಂಗಡಿಯವನ ಹೆಮ್ಮೆ. ಕೊಳ್ಳುವವರನ್ನು ತಡೆಯಲು ಶ್ರೀರಾಮನು ಹೊರಡುತ್ತಾನೆ. ಓದುಗನು ನಗುತ್ತಾನೆ. ಆದರೆ ಯಾರನ್ನು ಕುರಿತು ನಕ್ಕೆನೆಂದು ಆಮೇಲೆ ಅನುಮಾನಪಡುತ್ತಾನೆ. ದೇಶದ ಮಾನ ದೊಡ್ಡದು, ನಿಜ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೂ ಹೊಟ್ಟೆಯಿದೆ. ಯುದ್ಧಕ್ಕೆ ಮರ ಒದಗಿಸುವ ದೊಡ್ಡ ಗುತ್ತಿಗೆದಾರನೂ ಇದೇ ಕಾದಂಬರಿಯಲ್ಲಿದ್ದಾನೆ. ಅವನ ಲಾಭದೆದುರು ಈ ಬಿಸ್ಕತ್ತಿನ ಡಬ್ಬ ಎಷ್ಟರದು?

ಮಹಾತ್ಮರನ್ನೂ ಸ್ವಾತಂತ್ರ್ಯ ಸಮರವನ್ನೂ ನಾರಾಯಣ್ ಇಂಥ ಚಿಲ್ಲರೆ ಸಂಗತಿಗಳ ನಡುವೆ ತಂದು ಕಿರಿದುಗೊಳಿಸಿದರೆಂಬ ಆಕ್ಷೇಪವುಂಟು. ನಾನು ಅದನ್ನು ಒಪ್ಪಲಾರೆ. ಮೊಮ್ಮಗನು ದೇಶಕಾರ್ಯವೆಂದು ತಲೆಮರೆಸಿಕೊಂಡಿರುವಾಗ ಮುದುಕಿ ಮನೆಯಲ್ಲಿ ಒಬ್ಬಳೇ. ಆಕೆ ಸತ್ತಳೆಂದು ಭಾವಿಸಿದ ದಿನ ಅಂತ್ಯಕ್ರಿಯೆಯ ಹೊರೆಗೆ ಹೆಗಲು ಕೊಟ್ಟವರಲ್ಲಿ ಎದುರುಮನೆಯ ನಂಟನಂತೆ ನಿಂತವನು ಈ ಕಣ್ಣಿಯೇ. ದೊಡ್ಡ ಧ್ಯೇಯವು ಬಿಟ್ಟುಹೋದ ಸಣ್ಣ ಕರ್ತವ್ಯವನ್ನು ಯಾರು ಎತ್ತಿಕೊಂಡರು ಎಂಬುದನ್ನು ಲೇಖಕರು ಬೆರಳಿಟ್ಟು ತೋರಿಸುವುದಿಲ್ಲ. ಸುಮ್ಮನೆ ಕಥೆ ಹೇಳುತ್ತಾರೆ. ಚಿತೆಯ ಮೇಲೆ ಮುದುಕಿ ಮಿಸುಕುತ್ತಾಳೆ. ಬದುಕಿ ಬಂದವಳನ್ನು ಮನೆಗೆ ಸೇರಿಸುವುದು ಅಮಂಗಳವೆಂದು ಊರು ಹಿಂಜರಿಯುತ್ತದೆ. ಅವಳು ಕಾಶಿಗೆ ಹೊರಡುತ್ತಾಳೆ.

ಈ ಕಾದಂಬರಿಯನ್ನು ಕುರಿತು ಮಾತೆತ್ತಿದರೆ ವಿದ್ಯಾರ್ಥಿಗಳು ಶ್ರೀರಾಮ ಭಾರತಿಯರ ಪ್ರಣಯವನ್ನು ಚೆನ್ನಾಗಿ ವಿವರಿಸುತ್ತಾರೆ. ಅಧ್ಯಾಪಕ ಮಿತ್ರರು ಒಮ್ಮೆ ಅವರನ್ನು ಕಣ್ಣಿಯ ಅಂಗಡಿಯ ಮುಂದೆ ನಿಲ್ಲಿಸಿ, ಗೋಡೆಯ ಮೇಲಿನ ಪಟದಿಂದ ಮೊದಲುಮಾಡಿ ಪ್ರಶ್ನೆ ಕೇಳಬಾರದೇಕೆ?