ಅಚ್ಚು ಕಾಣದ ಮಕ್ಕಳ ಕಥೆಗಳು

ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಶಿಕ್ಷಕರು, ತರಗತಿಯ ಮಕ್ಕಳಿಗೆಂದು ಕಟ್ಟಿದ ಕಥೆಗಳನ್ನು ನಿವೃತ್ತಿಯ ತರುವಾಯ ತಿದ್ದಿ, ಶುದ್ಧಪ್ರತಿ ಮಾಡಿ, ಪ್ರಕಾಶಕರ ಬಾಗಿಲಿಗೆ ಹೋಗುವುದು ನಮ್ಮ ನಾಡಿನಲ್ಲಿ ಅಪೂರ್ವವೇನಲ್ಲ. ಅಲ್ಲಿ ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: ಕಥೆಗಳು ಸೊಗಸಾಗಿವೆ, ಅಚ್ಚಿನ ವೆಚ್ಚವನ್ನು ತಾವೇ ವಹಿಸುವುದಾದರೆ ನೋಡೋಣ. ನಿವೃತ್ತಿವೇತನದಿಂದ ವೆಚ್ಚ ವಹಿಸಿದವರ ಅಟ್ಟದ ಮೇಲೆ ಪುಸ್ತಕದ ಕಟ್ಟುಗಳು ಕೂಡುತ್ತವೆ. ವಹಿಸಲಾರದವರ ಹಸ್ತಪ್ರತಿಗಳು ಟ್ರಂಕಿನಲ್ಲಿಯೇ ಉಳಿಯುತ್ತವೆ.

ಪ್ರಕಾಶಕರನ್ನಷ್ಟೇ ದೂರುವುದು ನ್ಯಾಯವಲ್ಲ. ಮಕ್ಕಳ ಪುಸ್ತಕಕ್ಕೆ ಬಣ್ಣದ ಚಿತ್ರ ಬೇಕು, ಒಳ್ಳೆಯ ಕಾಗದ ಬೇಕು, ದೊಡ್ಡ ಅಕ್ಷರ ಬೇಕು. ಬೆಲೆ ಮಾತ್ರ ಅಲ್ಪವಾಗಿರಬೇಕು. ಓದುವವನು ಬಾಲಕ, ಕೊಳ್ಳುವವನು ತಂದೆ. ಪರೀಕ್ಷೆಯ ಗೈಡಿಗೆ ಮರುಮಾತಿಲ್ಲದೆ ಹಣ ಎಣಿಸುವ ಆ ತಂದೆಯೇ ಕಥೆಯ ಪುಸ್ತಕದ ಮುಂದೆ ಬೆಲೆ ನೋಡುತ್ತ ನಿಲ್ಲುತ್ತಾನೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚೋಣವೆಂದರೆ, ಆಯ್ಕೆಯೂ ಹಣಸಂದಾಯವೂ ಎಷ್ಟೋ ಸಲ ವರ್ಷಗಟ್ಟಲೆ ಹಿಂದೆ ಬಿದ್ದುದುಂಟು.

ಹಿಂದಿನವರಿಗೆ ಈ ಕಷ್ಟ ಇರಲಿಲ್ಲವೆಂದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಮಕ್ಕಳ ಕವಿ ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳಿಗೆ ತಾವೇ ಪ್ರಕಾಶಕರಾದರು. ಪಂಜೆ ಮಂಗೇಶರಾಯರ (1874–1937) ಬರಹಗಳು ಮನೆಮನೆಯನ್ನು ಮುಟ್ಟಿದುದಾದರೋ ಪಠ್ಯಪುಸ್ತಕಗಳ ಮೂಲಕ. ಶಾಲೆಯೇ ಅವಕ್ಕೆ ಹೆದ್ದಾರಿಯಾಯಿತು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ಬೆಳೆಯಿತು. ಓದುಗರನ್ನು ಮೊದಲು ಕೂಡಿಸಿಕೊಂಡರೆ ಗ್ರಂಥವು ಅಟ್ಟ ಸೇರುವ ಭಯವಿಲ್ಲ.

ಮಠಗಳಿಗೆ ಪ್ರಕಟಣೆಯ ಕಾರ್ಯ ಹೊಸದಲ್ಲ. ಧಾರವಾಡದ ಮುರುಘಾಮಠ, ಗದಗಿನ ತೋಂಟದಾರ್ಯಮಠಗಳ ಗ್ರಂಥಮಾಲೆಗಳು ಶರಣಸಾಹಿತ್ಯಕ್ಕೆ ಸಲ್ಲಿಸಿದ ಸೇವೆ ಸರ್ವವಿದಿತ. ಆದರೆ ಮಠಗಳ ಪ್ರಕಟಣೆಗಳು ವಿದ್ವಾಂಸರ ಕೈಗೆ ಹೋದಷ್ಟು ಎಂಟು ವರ್ಷದ ಬಾಲಕನ ಕೈಗೆ ಹೋಗಿಲ್ಲ. ಮಠದ ಶಾಲೆಯಲ್ಲಿಯಾದರೋ ಓದುಗರು ಸಾಲಾಗಿ ಕುಳಿತೇ ಇದ್ದಾರೆ. ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಹಂಚುವ ಲೋಟ, ತಟ್ಟೆ, ಪ್ಲಾಸ್ಟಿಕ್ಕಿನ ಫಲಕಗಳಿಗೆ ಬದಲು ವರ್ಷಕ್ಕೊಂದು ಕಥಾಪುಸ್ತಕವನ್ನು ಶಾಲೆಯೇ ಅಚ್ಚು ಹಾಕಿಸಿ ಕೊಡಲಿ. ಹಳೆಯ ವಿದ್ಯಾರ್ಥಿಗಳು ಚಂದಾದಾರರಾಗಲಿ. ಇಂಥ ಸಂಚಿಕೆಗಳಲ್ಲಿ ದಾನಿಗಳ ಭಾವಚಿತ್ರಕ್ಕೆ ಸಲ್ಲುವ ನುಣುಪು ಕಾಗದದಲ್ಲಿ ಒಂದು ಪಾಲು ಮಕ್ಕಳ ಪುಸ್ತಕಕ್ಕೆ ಸಂದರೆ ದಾನಿಗಳೇನೂ ಮುನಿಯಲಾರರು.

ಹಸ್ತಪ್ರತಿಯ ಪರೀಕ್ಷೆಯನ್ನು ಪಂಡಿತರ ಸಮಿತಿಗೆ ಒಪ್ಪಿಸಿದರೆ ಮಾತ್ರ ಕೆಲಸ ಕೆಟ್ಟಿತು. ಪಂಡಿತರು ಕಾಗುಣಿತವನ್ನು ತಿದ್ದಬಲ್ಲರು. ಆದರೆ ಇಲಿಯ ಕಥೆಯಲ್ಲಿಯೂ ನೀತಿಯನ್ನು ಹುಡುಕುತ್ತಾರೆ. ನಾಲ್ಕನೆಯ ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕು. ಮಕ್ಕಳು ಕಿಟಕಿಯತ್ತ ನೋಡತೊಡಗಿದ ಪುಟಕ್ಕೆ ಗುರುತು ಹಾಕಿ ಲೇಖಕರಿಗೆ ಹಿಂದಿರುಗಿಸಬೇಕು. ಬರೆದು ಮುಗಿಸಿದುದೆಲ್ಲ ಅಚ್ಚಿಗೆ ಯೋಗ್ಯವಲ್ಲವಾದುದರಿಂದ ಆ ತೀರ್ಪಿಗೆ ಲೇಖಕರೂ ತಲೆಬಾಗಬೇಕಾಗುತ್ತದೆ.

ಆಯ್ಕೆಯಾದ ಕಥೆಗೆ ಲೇಖಕರಿಗೂ ಚಿತ್ರಕಾರರಿಗೂ ಅಲ್ಪವೇ ಆಗಲಿ, ಹಣದ ರೂಪದಲ್ಲಿ ಸಂಭಾವನೆ ಸಲ್ಲಬೇಕು. ಶಾಲು ಹೊದಿಸಿ ಹಣ್ಣುಹಂಪಲು ಕೊಟ್ಟು ಕಳುಹಿಸುವ ಪದ್ಧತಿ ಬೇಕಾದಷ್ಟು ನಡೆದಿದೆ. ಹಳೆಯ ವಿದ್ಯಾರ್ಥಿಗಳ ಸಂಘವು ಮನಸ್ಸು ಮಾಡಿದರೆ ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ ಚಂದಾದಾರರ ಮೊದಲ ಪಟ್ಟಿ ಸಿದ್ಧವಾಗಬಹುದು.