ಚೋಮನಿಗೆ ನಾಲ್ಕು ಅಂಕ

‘ಚೋಮನ ಪಾತ್ರವನ್ನು ಚಿತ್ರಿಸಿರಿ’ ಎಂಬ ಪ್ರಶ್ನೆಗೆ ನಮ್ಮ ವಿದ್ಯಾರ್ಥಿಗಳು ಬರೆಯುವ ಉತ್ತರ ಹೇಗಿರುತ್ತದೆಂಬುದನ್ನು ಉತ್ತರಪತ್ರಿಕೆ ತಿದ್ದಿದವರಿಗೆ ಹೇಳಬೇಕಾದುದಿಲ್ಲ. ಚೋಮನು ಛಲವಾದಿ, ಚೋಮನು ದುಡಿಮೆಗಾರ, ಚೋಮನ ಬಾಳು ದುರಂತ. ನಾಲ್ಕು ಅಂಕ ಬಂತು. ಗೈಡು ಬರೆದವನು ಕಾದಂಬರಿಯನ್ನು ಓದಿದ್ದನೋ ಇಲ್ಲವೋ, ಹುಡುಗನಂತೂ ಅದನ್ನು ತೆರೆದಿಲ್ಲ.

ಪಾತ್ರದ ಕುರಿತು ಬರೆಯಿಸುವುದನ್ನು ಬಿಟ್ಟು ಹುಡುಗರನ್ನು ಪಾತ್ರವಾಗಿಯೇ ಮಾತಾಡಿಸಿರಿ ಎಂದರೆ, ‘ಅದೆಲ್ಲ ಪರದೇಶದ ಹೊಸ ಕ್ರಮ, ನಮಗೆ ಹೊತ್ತೆಲ್ಲಿದೆ?’ ಎನ್ನುವ ಉಪಾಧ್ಯಾಯರಿದ್ದಾರೆ. ಪುತ್ತೂರು ತಾಲೂಕಿನಲ್ಲಿ ಕುಳಿತು ಈ ಮಾತನ್ನಾಡಲು ಧೈರ್ಯವೇ ಬೇಕು! ತಾಳಮದ್ದಳೆಯೆಂದರೇನೆಂದು ಕೆದಂಬಾಡಿಯಂಥ ಹಳ್ಳಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆಯುಟ್ಟು ಕುಳಿತ ಅರ್ಥಧಾರಿ, ಯಾರೂ ಬರೆದುಕೊಡದ ಮಾತಿನಲ್ಲಿ, ನಮ್ಮೆದುರೇ ವಾಲಿಯಾಗುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ರಾಮನನ್ನು ಪ್ರಶ್ನಿಸುವಾಗ, ರಾಮನಿಗೆ ನಿತ್ಯ ಕೈಮುಗಿಯುವ ಸಭೆಯೂ ವಾಲಿಯ ನ್ಯಾಯಕ್ಕೆ ಕಿವಿಗೊಡುತ್ತಿತ್ತು. ಗೈಡಿನ ಯಾವ ಪುಟ ಈ ಕೆಲಸ ಮಾಡೀತು?

‘ಹುಡುಗರು ಕಥೆಯನ್ನೇ ಕೆಡಿಸುತ್ತಾರೆ’ ಎಂಬುದು ಇನ್ನೊಂದು ಆಕ್ಷೇಪ. ಉತ್ತರ ಅಲ್ಲಿಯೇ ಇದೆ. ಅರ್ಥಧಾರಿ ಎಷ್ಟೇ ವಾದಿಸಲಿ, ಪ್ರಸಂಗದ ಪದ್ಯವನ್ನು ಮೀರುವಂತಿಲ್ಲ. ವಾದದಲ್ಲಿ ಗೆದ್ದರೂ ವಾಲಿ ಸಾಯಲೇಬೇಕು. ತರಗತಿಗೂ ಇದೇ ಕಟ್ಟು ಸಾಕು: ಪುಸ್ತಕ ಹೇಳಿದುದನ್ನು ಅಲ್ಲಗಳೆಯಕೂಡದು, ಅದು ಸುಮ್ಮನಿದ್ದಲ್ಲಿ ಬಾಯಿಬಿಡಬಹುದು. ಎಲ್ಲಿ ಸುಮ್ಮನಿದೆಯೆಂದು ತಿಳಿಯಲು ಪುಸ್ತಕವನ್ನು ಓದದೆ ಗತಿಯಿಲ್ಲ. (ವಾರ್ಷಿಕೋತ್ಸವದ ಛದ್ಮವೇಷವನ್ನು ಇದರೊಡನೆ ಬೆರೆಸಬೇಡಿರಿ, ಅದರಿಂದ ಲಾಭ ಬಣ್ಣದಂಗಡಿಗೆ ಮಾತ್ರ.)

ಆದರೆ ಪಾತ್ರ ಹಂಚುವಲ್ಲಿ ಎಚ್ಚರ ಬೇಕು. ‘ಚೋಮನ ದುಡಿ’ (1933) ಬರೆದ ಶಿವರಾಮ ಕಾರಂತರೇ ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದವರು. ಅವರ ಊರಿನಲ್ಲಾದರೂ ಈ ಎಚ್ಚರ ತಪ್ಪಬಾರದು. ಚೋಮನಿಗೆ ಬೇಕಾದುದು ಬೇಸಾಯಕ್ಕೆ ಒಂದು ತುಂಡು ಗದ್ದೆ. ಧಣಿ ಸಂಕಪ್ಪಯ್ಯನ ಮನಸ್ಸು ಕೊಂಚ ಕರಗುತ್ತದೆ, ತಾಯಿ ಒಪ್ಪುವುದಿಲ್ಲ. ಇಲ್ಲಿ ದಲಿತ ಹುಡುಗನನ್ನೇ ಎಬ್ಬಿಸಿ ‘ನೀನು ಚೋಮನಾಗು’ ಎನ್ನುವ ಉಪಾಧ್ಯಾಯರು ಪಾಠ ಮಾಡುತ್ತಿಲ್ಲ, ಹಳೆಯ ಅಂಗಳಕ್ಕೇ ಅವನನ್ನು ಮರಳಿ ನಿಲ್ಲಿಸುತ್ತಿದ್ದಾರೆ. ಗದ್ದೆ ತೋಟವುಳ್ಳ ಮನೆಯ ಹುಡುಗ ಚೋಮನಾಗಲಿ. ಜಗಲಿ ಹತ್ತಲಾರದೆ ಅಂಗಳದಲ್ಲೇ ನಿಂತು ಕೇಳಲಿ, ಇಲ್ಲವೆನ್ನಿಸಿಕೊಳ್ಳಲಿ.

ಕಾದಂಬರಿಯಲ್ಲಿ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದರು, ಹೊಲೆಯರ ಹುಡುಗನೆಂದು ಮುಟ್ಟಿ ಎತ್ತುವವರಿರಲಿಲ್ಲ. ಆ ದಡದವರ ಪಾತ್ರವನ್ನು ಚಿತ್ರಿಸಿರೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ತರಗತಿಯ ಉಳಿದವರೆಲ್ಲ ಆ ದಡದಲ್ಲಿ ನಿಲ್ಲಲಿ. ತಾನೇಕೆ ನೀರಿಗಿಳಿಯಲಿಲ್ಲವೆಂದು ಒಬ್ಬೊಬ್ಬನೂ ತನ್ನ ಬಾಯಿಯಿಂದಲೇ ಹೇಳಲಿ. ಅಷ್ಟರಲ್ಲಿ ಗಂಟೆ ಹೊಡೆದರೆ ಹೊಡೆಯಲಿ.